ಊರು ಬಾವಿ ತೊಳೆದ ವರ್ಷ

ಲೋಕಾಪುರದ ಕೂಡುರಸ್ತೆಯಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಾಗಲೆಲ್ಲ ನನಗೆ ರೊಟ್ಟಿ ನೆನಪಾಗುತ್ತದೆ. ಪೆಟ್ರೋಲಿನ ವಾಸನೆ ಹಿತ ಅನ್ನುವವರು ಲೋಕದಲ್ಲಿದ್ದಾರೆ, ಇರಲಿ, ನನ್ನದು ಆ ಜಾತಿಯಲ್ಲ. ನನಗೆ ಆ ವಾಸನೆ ಮೂಗಿಗಿಂತ ಮೊದಲು ನಾಲಿಗೆಗೆ ಬರುತ್ತದೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಇವೆಲ್ಲದರ ಹಿಂದೆ ತೆಳ್ಳಗೆ, ಯಾರೋ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಂತೆ, ಪೆಟ್ರೋಲು. ಒಂದು ದೀಪಾವಳಿಯಿಂದ ಮುಂದಿನ ಶ್ರಾವಣದವರೆಗೆ ನಾನು ಆ ರುಚಿಯ ಜೊತೆ ಬದುಕಿದ್ದೇನೆ. ಅದಕ್ಕಿಂತ ಕೆಟ್ಟದೆಂದರೆ, ಆ ರುಚಿ ಇಲ್ಲವೇ ಇಲ್ಲ ಎಂದು ವಾದಿಸುವ ಒಂದು ಇಡೀ ಊರಿನ ಜೊತೆ ಬದುಕಿದ್ದೇನೆ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅವರು ಸಭೆ ಕರೆಯುತ್ತಾರೆ. ಸಭೆ ಕರೆದರೆ ಯಾರಿಗಾದರೂ ಶಾಲು ಹೊದಿಸದೆ ಏಳುವುದಿಲ್ಲ. ಜಮಖಂಡಿಯಿಂದ ವಿಜಾಪುರದ ಕಡೆ ಹೋಗುವ ರಸ್ತೆಯಲ್ಲಿ, ಕೃಷ್ಣೆಗೆ ಹಾಕಿದ ಚಿಕ್ಕಪಡಸಲಗಿಯ ಒಡ್ಡಿನ ನೀರು ನಿಂತಾಗ ಬಾವಿಗಳಲ್ಲೂ ನೀರು ಏರುವಷ್ಟು ಹತ್ತಿರದಲ್ಲಿ ಅದು ಇದೆ ಎಂದರೆ ಸಾಕು. ಬಾಗಲಕೋಟೆ ಹೊಸ ಜಿಲ್ಲೆಯಾಗಿ ಕೆಲವೇ ವರ್ಷವಾಗಿತ್ತು. ಕಚೇರಿಗಳ ಫಲಕಗಳಲ್ಲಿ ಹೊಸ ಬಣ್ಣದ ಅಡಿಯಿಂದ ಹಳೆಯ ಜಿಲ್ಲೆಯ ಹೆಸರು ಇನ್ನೂ ಇಣುಕುತ್ತಿದ್ದ ಕಾಲ.

ನನ್ನ ಚಿಗವ್ವ ನೀಲವ್ವ ಆ ಊರಿನಲ್ಲಿ ರಸ್ತೆಗೆ ಮುಖ ಮಾಡಿ ಖಾನಾವಳಿ ನಡೆಸುತ್ತಿದ್ದಳು. ಅವ್ವನ ತಂಗಿ. ಗಂಡ ಸತ್ತ ಮೇಲೆ ಮೈದುನರ ಮನೆಯಲ್ಲಿ ರೊಟ್ಟಿ ಬಡಿಯುವ ಬದಲು ಲಾರಿಯವರಿಗೆ ಬಡಿಯುತ್ತೇನೆ, ಅವರಾದರೂ ಉಂಡು ಎದ್ದು ಹೋಗುತ್ತಾರೆ ಎಂದು ಹೊರಬಿದ್ದವಳು. ಖಾನಾವಳಿಯ ಹಿತ್ತಲಲ್ಲಿ ಕಲ್ಲು ಕಟ್ಟಿದ ಒಂದು ಬಾವಿ. ಸುತ್ತಲ ಬೋರುಗಳೆಲ್ಲ ಸವುಳು ನೀರು, ಬೇಳೆ ಬೇಯುತ್ತಿರಲಿಲ್ಲ. ಈ ಬಾವಿಯದು ಮಾತ್ರ ಸಿಹಿ. ಬಸ್ಸಿನವರು ಊಟ ಬೇಡವಾದರೂ ಇಳಿದು ಒಂದು ತಂಬಿಗೆ ನೀರು ಕುಡಿದು ಹೋಗುತ್ತಿದ್ದರು. ನಾನು ಜಮಖಂಡಿಯಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತ ಅವಳ ಮನೆಯಲ್ಲಿದ್ದೆ. ಓದುವುದಕ್ಕಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗೆ ಹೋಗುತ್ತಿದ್ದೆ. ಮುಧೋಳ, ಬೀಳಗಿ, ಬನಹಟ್ಟಿ, ಎಲ್ಲಿ ಪಾರಿತೋಷಕ ಇಟ್ಟರೂ ಎತ್ತಿಕೊಂಡು ಬರುತ್ತಿದ್ದೆ. ಚಿಗವ್ವ ಆ ಶೀಲ್ಡುಗಳನ್ನು ದುಡ್ಡಿನ ಗಲ್ಲೆಯ ಹಿಂದೆ ಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ಒಗ್ಗರಣೆಯ ಜಿಡ್ಡು ಕೂಡದಂತೆ ದಿನಾ ಒರೆಸುತ್ತಿದ್ದಳು.

ರಸ್ತೆಯ ಆಚೆ, ನೇರ ಎದುರಿಗೆ, ಊರಿನ ಸಾವಕಾರನ ಪೆಟ್ರೋಲ್ ಪಂಪು. ಅದು ಬಂದ ದಿನ ಇಡೀ ಊರು ನೋಡಲು ನೆರೆದಿತ್ತಂತೆ. ನೆಲದಡಿ ಹೂಳುವ ಪೆಟ್ರೋಲಿನ ಟಾಕಿ ಕಬ್ಬಿನ ಟ್ರೇಲರಿನ ಮೇಲೆ ಮಲಗಿಕೊಂಡು ಬಂತು. ಎಲ್ಲೋ ಮುಚ್ಚಿದ ಪಂಪಿನ ಹಳೆಯ ಟಾಕಿ. ಮೈತುಂಬ ತುಕ್ಕು. ಸಾವಕಾರ ಅದಕ್ಕೆ ಕರೀ ಬಣ್ಣ ಹೊಡೆಸಿದ, ಕುಂಕುಮ ಹಚ್ಚಿಸಿದ, ಕಾಯಿ ಒಡೆಸಿದ, ಹೂಳಿದ. ಇದನ್ನು ಯಾಕೆ ಹೇಳುತ್ತೇನೆಂದರೆ, ಮುಂದೆ ನಡೆದದ್ದರಲ್ಲಿ ಗುಟ್ಟು ಅನ್ನುವುದು ಯಾವುದೂ ಇರಲಿಲ್ಲ. ಆ ತುಕ್ಕನ್ನು ಊರೆಲ್ಲ ಕಣ್ಣಾರೆ ಕಂಡಿತ್ತು. ಪ್ರಸಾದ ತಿಂದು ಮರೆತಿತ್ತು, ಅಷ್ಟೇ.

ಮಳೆಗಾಲ ಮುಗಿದು ಒಡ್ಡಿನ ಬಾಗಿಲು ಹಾಕಿದ್ದರು. ಹೊಳೆ ತುಂಬಿ ನಿಂತಿತ್ತು, ಬಾವಿಯಲ್ಲಿ ನೀರು ಕೈಗೆ ಸಿಗುವ ಹಾಗೆ ಏರಿತ್ತು. ದೀಪಾವಳಿಯ ಮರುದಿನ ಚಿಗವ್ವ ಕೊಡ ಇಳಿಸಿ ಮೂಸಿ ನೋಡಿ ನನ್ನ ಮೇಲೆ ಹರಿಹಾಯ್ದಳು.

"ತಲಿಗೆ ಏನ ಬಡಕೊಂಡು ನೀರ ಸೇದಿದೆಲೇ? ಕೊಡಾ ಎಲ್ಲಾ ನಾರಾಕತ್ತೈತಿ."

ನನ್ನ ತಲೆಗೆ ಕೊಬ್ಬರಿ ಎಣ್ಣೆ ಬಿಟ್ಟರೆ ಬೇರೆ ಗತಿ ಇರಲಿಲ್ಲ ಎಂದು ಸಾಧಿಸುವಷ್ಟರಲ್ಲಿ, ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಬಸ್ಸಿನ ಡ್ರೈವರ್ ಲೋಟ ಕೆಳಗಿಟ್ಟು ಕೂಗಿದ.

"ಯಕ್ಕಾ, ನನಗ ಕೊಟ್ಟಿಯೋ, ಬಸ್ಸಿಗೆ ಕೊಟ್ಟಿಯೋ?"

ಎಲ್ಲರೂ ನಕ್ಕರು. ಚಿಗವ್ವ ನಗಲಿಲ್ಲ. ಆ ಡ್ರೈವರ್ ಮಾರನೆಯ ದಿನ ಬಸ್ಸು ನಿಲ್ಲಿಸಲಿಲ್ಲ.

ಅವಳು ನನ್ನ ಹಾಗೆ ಮಾತಿನವಳಲ್ಲ, ಕೆಲಸದವಳು. ಒಂದು ಹಳೆಯ ಚಿಂದಿಯನ್ನು ಬಾವಿಯ ನೀರಿನ ಮೇಲ್ಮೈಗೆ ಮುಟ್ಟಿಸಿ ಎತ್ತಿಕೊಂಡು, ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಗೌಡರ ಮುಂದೆ ನಿಂತಳು. ಕಡ್ಡಿ ಗೀರಿ ಹಚ್ಚಿದಳು. ನೀರು ತೊಟ್ಟಿಕ್ಕುತ್ತಿದ್ದ ಬಟ್ಟೆ ಭಗ್ಗೆಂದು ಹತ್ತಿ ಕರೀ ಹೊಗೆ ಬಿಟ್ಟಿತು. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಸ್ಪರ್ಧೆಯಲ್ಲೂ ಯಾರೂ ತಂದದ್ದನ್ನು ನಾನು ಕಂಡಿಲ್ಲ.

ಗೌಡರು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಬಟ್ಟಿ ಅಂದಮ್ಯಾಲೆ ಸುಡತೈತಿ ನೀಲವ್ವ. ಅದರಾಗೇನೈತಿ?"

"ತೊಯ್ದ ಬಟ್ಟಿ ರೀ ಗೌಡ್ರ! ನೀರಾಗ ತೊಯ್ದದ್ದು!"

"ಹೂಂ. ಪೂರಾ ತೊಯ್ದಿರಾಕಿಲ್ಲ."

ಈ ಗೌಡರನ್ನು ಸ್ವಲ್ಪ ಪರಿಚಯಿಸಬೇಕು. ಊರಿನ ಪಂಚ ಕಮಿಟಿಯ ಅಧ್ಯಕ್ಷರು. ಚಿಕ್ಕಪಡಸಲಗಿಯ ಒಡ್ಡನ್ನು ಸರಕಾರವಲ್ಲ, ಸುತ್ತಲ ರೈತರೇ ಕೂಡಿ ಕಟ್ಟಿದ್ದು, ಇದು ನಿಜ, ದೊಡ್ಡ ಮಾತು, ನಾನೂ ಒಂದು ಸ್ಪರ್ಧೆಯಲ್ಲಿ ಇದನ್ನೇ ಹೇಳಿ ಶೀಲ್ಡು ಗೆದ್ದಿದ್ದೇನೆ. ಗೌಡರು ಅದಕ್ಕೆ ಕಲ್ಲು ಹೊತ್ತವರಲ್ಲಿ ಒಬ್ಬರು. ಆದರೆ ಒಂದು ಸಲ ಸರಿ ಮಾಡಿದವರಿಗೆ ಮುಂದೆ ತಪ್ಪೇ ಆಗುವುದಿಲ್ಲ ಎಂಬ ಒಂದು ರೋಗ ನಮ್ಮ ಕಡೆ ಇದೆ. ಎತ್ತಿಗೆ ಬೇನೆ ಬಂದರೂ, ಶಾಲೆಗೆ ಮಾಸ್ತರ ಬರದಿದ್ದರೂ, ಮಗಳ ಲಗ್ನ ಮುರಿದರೂ ಗೌಡರ ಉತ್ತರ ಒಂದೇ: "ಕೃಷ್ಣಾಗ ಒಡ್ಡು ಹಾಕಿದವ್ರು ನಾವು." ಹಾಕಿದ್ದೀರಿ ಸ್ವಾಮಿ, ಒಪ್ಪಿದೆವು. ಹೊಳೆ ನಿಲ್ಲಿಸಲು ಬಂದ ಮಾತ್ರಕ್ಕೆ ಟಾಕಿ ಸೋರುವುದು ನಿಲ್ಲುತ್ತದೆಯೆ?

ಸಭೆ ಸೇರಿತು. ಮೊದಲು ಯಾವನೋ ಲಾರಿಯ ಕ್ಲೀನರ್ ಬಾವಿಯಲ್ಲಿ ಕೈ ತೊಳೆದಿದ್ದಾನೆ ಅಂದರು. ಆಮೇಲೆ ನೀರಿನ ದೇವತೆ ಗಂಗವ್ವ ಮುನಿದಿದ್ದಾಳೆ ಅಂದರು. ನಿವೃತ್ತ ಮಾಸ್ತರರೊಬ್ಬರು ಎದ್ದು, ಊರಿನ ಅಡಿಯಲ್ಲೇ ಎಣ್ಣೆಯ ಗಣಿ ಇರಬಹುದು, ಅರಬರ ದೇಶದಲ್ಲಿ ಹೀಗೇ ಸಿಕ್ಕದ್ದು ಅಂದರು. ಆ ಮಾತಿಗೆ ಹೊಲ ಇದ್ದವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ನಾನು ಎದ್ದು, ಗಣಿ ನಲವತ್ತು ಹೆಜ್ಜೆ ಆಚೆ ಇದೆ, ಅದರ ಮೇಲೆ ಸಾವಕಾರರ ಮೀಟರು ಕೂತಿದೆ ಅಂದೆ.

ಸಾವಕಾರ ಸಿಟ್ಟಾಗಲಿಲ್ಲ. ಅವನು ಎಂದೂ ಸಿಟ್ಟಾಗುವುದಿಲ್ಲ. ಗುಡಿಗೆ ಗಂಟೆ, ಶಾಲೆಗೆ ಗಡಿಯಾರ, ಸ್ಮಶಾನಕ್ಕೆ ತಗಡು, ಎಲ್ಲ ಅವನೇ ಕೊಟ್ಟದ್ದು. ಹುಟ್ಟಿದವರೂ ಸತ್ತವರೂ ಅವನ ಹಂಗಿನಲ್ಲಿದ್ದರು.

"ವಕೀಲಬಾಯಿ, ನಿನ್ನ ಮಾತು ಕೇಳಾಕ ಛಲೋ ಇರತಾವಬೇ," ಅಂದ. "ನನ್ನ ಟಾಕಿ ಸೋರಿದ್ರ ಲುಕ್ಸಾನ ಯಾರಿಗೆ? ನನಗ. ನನ್ನ ಎಣ್ಣಿ ನಾನ ಮಣ್ಣಿಗೆ ಕುಡಸ್ತೀನೇನು?"

"ಟಾಕ್ಯಾಗ ಎಣ್ಣಿ ಕಡಿಮಿ ಬರತೈತಿ ಅಂತ ನೀವ ಹೋದ ವಾರ ಚಿಗವ್ವನ ಮುಂದ ಅಂದಿದ್ರಿ."

"ಹೌದು. ಬಿಸಲಿಗೆ ಆವಿ ಆಗತೈತಿ."

"ನೆಲದಾಗ ಬಿಸಲ ಎಲ್ಲಿಂದ ಬಂತ್ರಿ?"

ಸಭೆ ನಕ್ಕಿತು. ನಾನು ಗೆದ್ದೆ ಅಂದುಕೊಂಡೆ. ಸ್ಪರ್ಧೆಯಲ್ಲಿ ಹೀಗಾದರೆ ತೀರ್ಪುಗಾರರು ಏನನ್ನೋ ಬರೆದುಕೊಳ್ಳುತ್ತಾರೆ. ಇಲ್ಲಿ ನಗು ಮುಗಿದ ಮೇಲೆ ಗೌಡರು ಗಂಟಲು ಸರಿ ಮಾಡಿಕೊಂಡು, ನಾನು ಮಾತೇ ಆಡಿಲ್ಲವೆಂಬಂತೆ ತೀರ್ಮಾನ ಹೇಳಿದರು: ಸರಕಾರದ ಬಾಗಿಲಿಗೆ ಹೋಗುವುದು ಬೇಡ. ಒಡ್ಡು ಹಾಕಿದವರು ನಾವು, ಒಂದು ಬಾವಿ ತೊಳೆಯಲಾರೆವೆ? ಮನೆಗೊಂದು ನೀರೆತ್ತುವ ಇಂಜಿನ್ ತನ್ನಿ. ಬಾವಿ ಬರಿದು ಮಾಡೋಣ. ಹೊಸ ನೀರು ಬರುತ್ತದೆ.

ನಾಯಿ ಬಿದ್ದ ಬಾವಿಗೆ, ಹೂಳು ತುಂಬಿದ ಬಾವಿಗೆ ತಲೆತಲಾಂತರದಿಂದ ಮಾಡುತ್ತ ಬಂದದ್ದು ಅದೇ. ಸರಿಯಾದದ್ದೇ. ನಾಯಿಗೆ.

"ಡೀಸಲ್ ಎಷ್ಟ ಬೇಕೋ ನನ್ನ ಪಂಪಿನಿಂದ ಒಯ್ರಿ. ಗಂಗವ್ವನ ಸೇವಾ," ಅಂದ ಸಾವಕಾರ.

ಚಪ್ಪಾಳೆ. ಟಾಕಿ ಕೆಡಿಸಿದ ಬಾವಿಯನ್ನು ತೊಳೆಯಲು ಅದೇ ಪಂಪಿನ ಟಾಕಿಗಳಿಂದ ಎಣ್ಣೆ, ಅದಕ್ಕೆ ಊರಿನ ಚಪ್ಪಾಳೆ.

ಮಾಗಿಯ ಚಳಿಯಲ್ಲಿ ನಮ್ಮ ಹಿತ್ತಲು ಜಾತ್ರೆಯಂತಾಯಿತು. ಬಾವಿಯ ಸುತ್ತ ಇಂಜಿನ್‌ಗಳು, ಒಂದೊಂದರ ಕೆಳಗೆ ಒಂದೊಂದು ಕರೀ ಮಡು. ಡಬ್ಬಿಯಿಂದ ಡೀಸೆಲ್ ಸುರಿಯುವವರು ಅರ್ಧ ಇಂಜಿನಿಗೆ, ಅರ್ಧ ನೆಲಕ್ಕೆ ಸುರಿಯುತ್ತಿದ್ದರು. ಆ ನೆಲದಿಂದ ಅದು ಎಲ್ಲಿಗೆ ಇಳಿಯುತ್ತದೆ ಎಂದು ಕೇಳಿದ್ದಕ್ಕೆ ಒಬ್ಬ ನನ್ನನ್ನು, "ನಿನ್ನ ಪರೀಕ್ಷಾ ಯಾವಾಗ?" ಎಂದು ತಿರುಗಿ ಕೇಳಿದ. ಬಂದವರಿಗೆಲ್ಲ ಚಹಾ, ಅವಲಕ್ಕಿ, ಚಿಗವ್ವನ ಖರ್ಚಿನಲ್ಲಿ. ನೀರು ಗಟಾರದಲ್ಲಿ ಕಾಮನಬಿಲ್ಲಿನ ಬಣ್ಣ ಹೊಳೆಸುತ್ತ ಹರಿಯಿತು. ಹುಡುಗರು ಅದನ್ನು ನೋಡಲು ಬಂದರು.

ಬಾವಿಯ ತಳ ಕಂಡಿತು, ಗೌಡರು ತೆಂಗಿನಕಾಯಿ ಒಡೆದರು. ರಾತ್ರಿ ಕಳೆದು ನೀರು ಊರಿ ಬಂತು. ವಾಸನೆ ಮೊದಲಿಗಿಂತ ದಟ್ಟವಾಗಿತ್ತು. ಮೇಲೆ ತೇಲುವ ಪದರ ಈಗ ಕಣ್ಣಿಗೇ ಕಾಣುತ್ತಿತ್ತು.

"ಇಂಜಿನ್ ಸಾಲಲಿಲ್ಲ," ಅಂದರು ಗೌಡರು.

ಇನ್ನಷ್ಟು ಇಂಜಿನ್ ಬಂದವು. ಇನ್ನಷ್ಟು ಎಣ್ಣೆ ಬಂತು. ಮಾಡಿದ ಔಷಧದಿಂದ ರೋಗ ಏರಿದರೆ ಔಷಧ ಕಡಿಮೆಯಾಯಿತು ಅನ್ನುವ ಈ ತರ್ಕಕ್ಕೆ ಹೆಸರಿದೆಯೋ ಇಲ್ಲವೋ ತಿಳಿಯದು. ಇಲ್ಲದಿದ್ದರೆ ಆ ಊರಿನ ಹೆಸರನ್ನೇ ಇಡಬಹುದು.

ಆ ಹೊತ್ತಿಗೆ ಚಿಗವ್ವನ ಒಲೆ ಅರ್ಧ ಆರಿತ್ತು. ದೂರದ ನಳದಿಂದ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ನೀರು ತರುತ್ತಿದ್ದಳು. ಅದೂ ದಿನಾ ಬರುವ ನಳವಲ್ಲ. ಒಂದೊಂದು ದಿನ ಬೇರೆ ದಾರಿಯಿಲ್ಲದೆ ಮನೆಯಷ್ಟಕ್ಕೆ ಬಾವಿಯ ನೀರನ್ನೇ ಕುದಿಸಿ ಬಳಸುತ್ತಿದ್ದೆವು. ನಾನು ಹೇಳಿದ ರುಚಿ ಅದು. ಗಿರಾಕಿಗಳು ಮಾತ್ರ, ನೀರು ಎಲ್ಲಿಯದಾದರೂ, ಲೋಟ ಎತ್ತಿದೊಡನೆ ಮೂಸುತ್ತಿದ್ದರು. ಒಮ್ಮೆ ಮೂಸಲು ಕಲಿತ ಗಿರಾಕಿ ಮತ್ತೆ ಬರುವುದಿಲ್ಲ. ಅವಳಿಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಟಾಕಿ ಸೋರುತ್ತಿದೆ ಎಂದು ಊರು ಒಂದು ಸಲ ಬಾಯಿಬಿಟ್ಟು ಒಪ್ಪಬೇಕು. ಒಪ್ಪಿದರೆ ಸಾವಕಾರ ಅದನ್ನು ಅಗೆದು ತೆಗೆಯಬೇಕಾಗುತ್ತದೆ. ತೆಗೆದರೆ ಇಂದಲ್ಲ ನಾಳೆ ಬಾವಿ ತಿಳಿಯಾಗುತ್ತದೆ. ಒಪ್ಪದಿದ್ದರೆ ಬಾವಿಯೂ ಇಲ್ಲ, ಖಾನಾವಳಿಯೂ ಇಲ್ಲ. ಅವಳು ಮತ್ತೆ ಮೈದುನರ ಮನೆಯ ಒಲೆಯ ಮುಂದೆ.

ನಾನೇ ಬಾಗಲಕೋಟೆಗೆ ಹೋಗಿ, ನೀರಿಗೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ ಕೂತು, ಎದ್ದು, ಜಗಳಾಡಿ ಒಬ್ಬ ಸಾಹೇಬನನ್ನು ಕರೆತಂದೆ. ತುಮಕೂರು ಕಡೆಯ ಯುವಕ. ಮೃದು ಮಾತು. ಬಾವಿ ನೋಡಿದ, ಪಂಪು ನೋಡಿದ, ಊಟಕ್ಕೆ ಕೂತ. ಅನ್ನದ ನಡುವೆ ಬೆರಳಿನಿಂದ ಒಂದು ಕುಣಿ ಮಾಡಿ ಅಂಚಿಗೆ ಸಾರು ಹಾಕಿದ. ಸಾರು ಅದರ ಮೇಲಿನ ಎಣ್ಣೆಯ ಸಮೇತ ನಡುವಿನ ಕುಣಿಗೆ ಹರಿದು ಬಂತು.

"ನೋಡಿ ಅಮ್ಮ, ಈ ಕುಣಿ ನಿಮ್ಮ ಬಾವಿ. ನೀವು ಖಾಲಿ ಮಾಡಿದಷ್ಟೂ ಸುತ್ತಲಿನದನ್ನೆಲ್ಲ ಇದು ಎಳ್ಕೊಳ್ಳುತ್ತೆ. ಅಷ್ಟು ಇಂಜಿನ್ ಇಟ್ಟು ನೀವೇ ಪೆಟ್ರೋಲನ್ನ ಮನೆಗೆ ಕರ್ಕೊಂಡು ಬಂದ್ರಿ. ಮೊದಲು ಆ ಟ್ಯಾಂಕ್ ತೆಗೀಬೇಕು. ನೆನೆದಿರೋ ಮಣ್ಣು ತೆಗೀಬೇಕು. ಟ್ಯಾಂಕಿಗೂ ಬಾವಿಗೂ ಮಧ್ಯೆ ಬೇರೆ ಗುಂಡಿ ತೋಡಿ, ಮೇಲೆ ತೇಲೋ ಎಣ್ಣೆನ ನಿಧಾನಕ್ಕೆ ತೆಗೀತಾ ಹೋಗ್ಬೇಕು. ವರ್ಷಗಟ್ಟಲೆ ಆಗುತ್ತೆ. ಬೇಸಿಗೇಲಿ ನೀರು ಕೆಳಗೆ ಹೋದಾಗ ಎಣ್ಣೆನೂ ಮಣ್ಣಲ್ಲಿ ಕೆಳಗೆ ಹೋಗುತ್ತೆ, ವಾಸನೆ ನಿಲ್ಲುತ್ತೆ. ಮೋಸ ಹೋಗ್ಬೇಡಿ. ನೀರು ಏರಿದಾಗ ಮತ್ತೆ ಬರುತ್ತೆ."

ಇಷ್ಟು ಸ್ಪಷ್ಟವಾಗಿ ಮಾತಾಡುವ ಮನುಷ್ಯನನ್ನು ಆ ವರ್ಷ ನಾನು ಮೊದಲ ಬಾರಿಗೆ ಕಂಡದ್ದು. ಸಂಜೆ ಸಭೆಯಲ್ಲಿ ಅವನನ್ನು ಗೌಡರ ಬಲಕ್ಕೆ, ಸಾವಕಾರನ ಎಡಕ್ಕೆ ಕೂರಿಸಿದರು. ಹಾರ ಹಾಕಿದರು. ಸಾವಕಾರ ತನ್ನ ಕೈಯಾರೆ ಎಳನೀರು ಕೊಟ್ಟ. ಸಾಹೇಬ ಎದ್ದು ಹೇಳಿದ್ದು ಒಂದೇ ವಾಕ್ಯ:

"ನೀರಿನ ಗುಣಮಟ್ಟ ಅನ್ನೋದು ಋತುಮಾನಕ್ಕೆ ಅನುಗುಣವಾಗಿ ಬದಲಾಗ್ತಾ ಇರುತ್ತೆ."

ಸುಳ್ಳಲ್ಲ. ಅದೇ ಅದರ ಹೊಲಸು. ಸುಳ್ಳು ಹೇಳಿದ್ದರೆ ಹಿಡಿದು ಜಗ್ಗಬಹುದಿತ್ತು. ಸತ್ಯದ ಒಂದು ಚೂರನ್ನು ಕೊಯ್ದು, ಅದರಲ್ಲಿ ಟಾಕಿ ಬರದಂತೆ ನೋಡಿಕೊಂಡು, ಎಳನೀರಿನ ಜೊತೆ ನುಂಗಿದ ಆತ.

"ಕೇಳಿದಿರಲ್ಲ? ಋತುಮಾನ!" ಅಂದರು ಗೌಡರು. ಮುಂದೆ ಆ ಊರಿನಲ್ಲಿ ಹಾಲು ಒಡೆದರೂ ಋತುಮಾನವೇ ಆಯಿತು.

ಬೇಸಿಗೆ ಬಂತು. ಹೊಳೆ ಬತ್ತಿತು, ಒಡ್ಡಿನ ಹಿಂದೆ ಕಲ್ಲು ಕಂಡವು, ಬಾವಿಯ ನೀರು ಪಾತಾಳಕ್ಕೆ ಇಳಿಯಿತು. ವಾಸನೆ ನಿಂತಿತು. ಊಟದ ತಟ್ಟೆಯಲ್ಲಿ ಸಾಹೇಬ ಹೇಳಿದ ಹಾಗೆಯೇ.

ಊರು ಕುಣಿಯಿತು. ಗಂಗವ್ವನ ಉಡಿ ತುಂಬುವ ಕಾರ್ಯಕ್ರಮ ಇಟ್ಟರು. ಬಾವಿಯ ಕಟ್ಟೆಗೆ ಹಸಿರು ಸೀರೆ ಉಡಿಸಿ, ಅರಿಸಿನ, ಕುಂಕುಮ, ಖಣ, ಕೊಬ್ಬರಿ ಇಟ್ಟರು. ಹೋಳಿಗೆ ಮಾಡಿದರು, ಹಿಟ್ಟು ನಾದಲು ನಳದ ನೀರನ್ನೇ ತಂದರು ಎಂಬುದನ್ನು ನಾನು ಗಮನಿಸಿದೆ, ಬೇರೆ ಯಾರೂ ಗಮನಿಸಿದಂತೆ ಕಾಣಲಿಲ್ಲ. ಸೇವೆ ಮಾಡಿದವರಿಗೆ ಶಾಲು. ಮೊದಲ ಶಾಲು ಸಾವಕಾರನಿಗೆ.

ನಮ್ಮ ಕಡೆ ಜಗಳ ಬಗೆಹರಿಯದಿದ್ದರೆ ಗಂಗೆಯನ್ನು ಬೊಗಸೆಯಲ್ಲಿ ಹಿಡಿದು ಆಣೆ ಮಾಡಿ ಕುಡಿಯುವ ಪದ್ಧತಿ ಇದೆ. ಕುಡಿದವನ ಮಾತಿನ ಮೇಲೆ ಮಾತಿಲ್ಲ. ಸಾವಕಾರ ಶಾಲು ಹೊದ್ದುಕೊಂಡೇ ಬಾವಿಯ ನೀರನ್ನು ಬೊಗಸೆಗೆ ಹಾಕಿಸಿಕೊಂಡ. "ಗಂಗವ್ವನ ಸಾಕ್ಷಿ. ನನ್ನ ಟಾಕಿ ಸೋರಿಲ್ಲ," ಅಂದ. ಕುಡಿದ. ಹೆಂಗಸರು ಕೈ ಮುಗಿದರು. ಮೇ ತಿಂಗಳಲ್ಲಿ ಬಾಯಿಗೆ ಬರುವ ಧೈರ್ಯ ಅದು. ಕಾರ್ತಿಕದಲ್ಲಿ ಬಾವಿ ನಾರುತ್ತಿದ್ದಾಗ ಈ ಬೊಗಸೆ ಎಲ್ಲಿತ್ತು?

ಇದನ್ನೇ ನಾನು ಎದ್ದು ಕೇಳಿದೆ. ವಂದನಾರ್ಪಣೆಗೆ ನನ್ನನ್ನು ಕರೆದಿದ್ದರು, ಶೀಲ್ಡು ತಂದವಳೆಂದು. ವಂದಿಸಲಿಲ್ಲ. ನೀರು ಇಳಿದದ್ದಕ್ಕೆ ವಾಸನೆ ಇಳಿದಿದೆ, ಏರಿದಾಗ ಏರುತ್ತದೆ, ಅಂದೆ. ಇಂಜಿನ್‌ಗಳು ಬಾವಿ ತೊಳೆಯಲಿಲ್ಲ, ಟಾಕಿಯನ್ನು ಹೀರಿದವು, ಅಂದೆ. ಗಂಗೆಯ ಆಣೆ ಮಾಡುವವರು ಗಂಗೆ ಕೆಟ್ಟ ತಿಂಗಳಲ್ಲಿ ಮಾಡಬೇಕು, ಅಂದೆ. ಒಡ್ಡು ಹಾಕಿದವರು ಹೊಳೆಗೆ ಹೆದರದೆ ಒಬ್ಬ ಸಾವಕಾರನಿಗೆ ಹೆದರುತ್ತಾರೆ, ಅಂದೆ. ನನ್ನ ಬದುಕಿನ ಅತಿ ಚೊಕ್ಕ ಭಾಷಣ ಅದು. ಒಂದು ಮಾತೂ ತೊದಲಲಿಲ್ಲ.

ನಿಲ್ಲಿಸಿದೆ. ಆಮೇಲೆ ಚಪ್ಪಾಳೆ! ಎಲ್ಲರಿಗಿಂತ ಜೋರಾಗಿ ತಟ್ಟಿದವನು ಸಾವಕಾರ.

"ಏನ್ ಮಾತಾಡ್ತೈತ್ರಿ ಹುಡುಗಿ! ಗಂಟಲಂದ್ರ ಗಂಟಲು!" ಅಂದರು ಗೌಡರು. "ಊರಿನ ಹೆಸರು ತರತಾಳ ನೋಡ್ರಿ ಇಕಿ."

ನನಗೂ ಒಂದು ಕಾಯಿ, ಒಂದು ಖಣ ಕೊಟ್ಟರು. ಸೋಲಿಸಿದ್ದರೆ ಸಹಿಸುತ್ತಿದ್ದೆ. ಕೇಳದಿದ್ದರೂ ಸಹಿಸುತ್ತಿದ್ದೆ. ಇವರು ಕೇಳಿ, ಮೆಚ್ಚಿ, ಒರೆಸಿ, ಚಿಗವ್ವನ ಗಲ್ಲೆಯ ಹಿಂದಿನ ಶೀಲ್ಡಿನಂತೆ ಸಾಲಿಗೆ ನಿಲ್ಲಿಸಿಬಿಟ್ಟರು.

ಮನೆಗೆ ಬಂದು ಆ ಕಾಯಿಯನ್ನು ಗೋಡೆಗೆ ಬಡಿಯಲು ಹೋದೆ. ಚಿಗವ್ವ ಕೈ ಹಿಡಿದು ಅದನ್ನು ಕಸಿದುಕೊಂಡಳು. ಚಟ್ನಿಗೆ ಬರುತ್ತದೆ ಅಂದಳು.

"ಮಾತಿನ್ಯಾಗ ಇವರು ಸೋಲಂಗಿಲ್ಲಲೇ. ಉಣ್ಣೂದರಾಗ ಸೋಲ್ತಾರೇನು ನೋಡೂಣು."

ಮಳೆ ಹಿಡಿಯಿತು. ಸಹ್ಯಾದ್ರಿಯ ಮಳೆಗೆ ಕೃಷ್ಣೆ ಕೆಂಪಗೆ ತುಂಬಿ ಬಂದಳು. ಬಾವಿಯ ನೀರು ಒಂದೊಂದೇ ಮೆಟ್ಟಿಲು ಏರಿತು, ಅದರ ತಲೆಯ ಮೇಲೆ ಕೂತು ಪೆಟ್ರೋಲೂ ಏರಿತು. ಊರಲ್ಲಿ ಈಗ ಹೊಸ ಮಾತು: ತೊಳೆದು ಉಡಿ ತುಂಬಿದ ಬಾವಿಯನ್ನು ನೀಲವ್ವ ಬಳಸದಿರುವುದು ಗಂಗವ್ವನಿಗೂ ಕಮಿಟಿಗೂ ಅಪಮಾನ. ಚಿಗವ್ವ ಕಮಿಟಿಯವರ ಮನೆಮನೆಗೆ ಹೋಗಿ ಶ್ರಾವಣದ ಊಟಕ್ಕೆ ಕರೆದಳು. ಕರೆಯುವಾಗಲೇ ಹೇಳಿದಳು, ಮರೆಮಾಚಲಿಲ್ಲ.

"ಅಡಗಿ ಎಲ್ಲಾ ಬಾವಿ ನೀರಾಗ ಮಾಡ್ತೀನ್ರಿ. ಒಬ್ಬರ್ಯಾರರ ಒಂದ ತುತ್ತು ಉಗುಳಿದ್ರ ಟಾಕಿ ತಗಸಬೇಕು. ಎಲ್ಲಾರೂ ಉಂಡ್ರ ನಾ ಇನ್ನ ಬಾಯಿ ತಗಿಯೂದಿಲ್ಲ."

ಊಟದ ದಿನ ಬೆಳಿಗ್ಗೆ ಹಿಟ್ಟಿಗೆ ಎಸರು ಕುದಿಸುವಾಗಲೇ ನನಗೆ ತಲೆ ಸುತ್ತಿತು. ಒಲೆಯಿಂದ ದೂರ ನಿಲ್ಲು ಅಂದಳು ಚಿಗವ್ವ. ಎಲ್ಲರೂ ಬಂದರು. ಸಾಲಾಗಿ ಕೂತರು. ಗೌಡರು ಮೊದಲು, ಪಕ್ಕದಲ್ಲಿ ಸಾವಕಾರ. ಚಿಗವ್ವ ಮೊದಲು ನೀರು ಬಡಿಸಿದಳು. ಲೋಟಗಳ ಮೇಲೆ ಸಣ್ಣಗೆ ಬಣ್ಣದ ಪೊರೆ ತೇಲುತ್ತಿತ್ತು. ಆಮೇಲೆ ರೊಟ್ಟಿ, ಎಣ್ಣೆಗಾಯಿ, ಬೇಳೆ. ಇಡೀ ಪಡಸಾಲೆ ಲಾರಿಯ ಗ್ಯಾರೇಜಿನ ಹಾಗೆ ನಾರುತ್ತಿತ್ತು.

ಉಗುಳುತ್ತಾರೆ, ನಾನು ಖಂಡಿತ ನಂಬಿದ್ದೆ. ದೇಹಕ್ಕೆ ವಾದ ಗೊತ್ತಿಲ್ಲ. ನಾಲಿಗೆಗೆ ಕಮಿಟಿ ಇಲ್ಲ. ಒಂದು ತುತ್ತು ಸಾಕು.

ಗೌಡರು ರೊಟ್ಟಿ ಮುರಿದರು. ಎಣ್ಣೆಗಾಯಿ ಹಚ್ಚಿದರು. ಬಾಯಿಗಿಟ್ಟರು. ಅವರ ಕತ್ತಿನ ನರ ಎದ್ದು ನಿಂತದ್ದನ್ನು ಕಂಡೆ. ಅಗಿದರು. ನುಂಗಿದರು. ಸಾಲಿನಲ್ಲಿ ಓರೆಗಣ್ಣಿನಿಂದ ಅವರನ್ನೇ ನೋಡುತ್ತಿದ್ದವರೆಲ್ಲ, ನುಂಗಿದ್ದನ್ನು ನೋಡಿ, ತಾವೂ ನುಂಗಿದರು. ಒಬ್ಬರ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಖಾರ ಅಂದರು. ಸಾವಕಾರ ಲೋಟ ಎತ್ತಿ, ಕೆಳಗಿಡದೆ, ತಳದವರೆಗೆ ಕುಡಿದ. ಬಿಕ್ಕಳಿಕೆ ಬಂತು. ಮಜ್ಜಿಗೆ ಕೇಳಿದ.

ಚಿಗವ್ವ ಮಜ್ಜಿಗೆಯ ತಂಬಿಗೆ ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಸಾಲಿನ ತುದಿಯಿಂದ ತುದಿಗೆ ನಡೆದಳು. ಯಾರೂ ತಲೆ ಎತ್ತಲಿಲ್ಲ.

"ಹೆಂಗ ಆಗೇತ್ರಿ ಗೌಡ್ರ?" ಕೇಳಿದಳು.

ಗೌಡರು ಬಾಯಿ ಒರೆಸಿಕೊಂಡು, ಯೋಚಿಸಿ, ನ್ಯಾಯ ಹೇಳುವ ದನಿಯಲ್ಲೇ ಹೇಳಿದರು.

"ಛಲೋ ಆಗೇತಿ. ಬ್ಯಾಳಿಗೆ ಉಪ್ಪು ಒಂದೀಟು ಕಡಿಮಿ ಆತು, ಅಷ್ಟ."

ಉಪ್ಪು! ಚಿಗವ್ವ ಒಳಗೆ ಹೋಗಿ ಉಪ್ಪಿನ ಬಟ್ಟಲು ತಂದು ಅವರ ಎಲೆಗೆ ಬಡಿಸಿದಳು. ಗೌಡರು ಕಲಸಿಕೊಂಡು ಉಂಡರು. ಸೋಲು ಬರುತ್ತದೆ ಎಂದಾದರೆ ಈ ಜನ ಪೆಟ್ರೋಲು ಕುಡಿಯುತ್ತಾರೆ, ಹೊಟ್ಟೆ ಸುಟ್ಟುಕೊಳ್ಳುತ್ತಾರೆ, ಆದರೆ ತಪ್ಪಾಯಿತು ಅನ್ನುವುದಿಲ್ಲ. ಚರ್ಚಾಸ್ಪರ್ಧೆಯಲ್ಲಿ ನನಗೆ ಯಾರೂ ಇದನ್ನು ಕಲಿಸಿರಲಿಲ್ಲ. ಅಲ್ಲಿ ನಿಮ್ಮ ಎದುರಾಳಿಗೆ ನಾಚಿಕೆ ಇದೆ ಎಂದು ಹಿಡಿದುಕೊಂಡೇ ನಿಯಮ ಮಾಡಿರುತ್ತಾರೆ.

ಚಿಗವ್ವ ಮಾತು ಉಳಿಸಿಕೊಂಡಳು. ಮತ್ತೆ ಬಾಯಿ ತೆಗೆಯಲಿಲ್ಲ. ಆ ವಾರವೇ ಬಾವಿಯ ಗಡಗಡಿ ಬಿಚ್ಚಿ, ತವೆ, ರೊಟ್ಟಿ ಬಡಿಯುವ ಕೊಮ್ಮೆ, ನನ್ನ ಶೀಲ್ಡುಗಳ ಜೊತೆ ಟೆಂಪೋಗೆ ಹಾಕಿದಳು. ಮೈದುನರ ಮನೆಯ ಕಡೆ ಹೋಗುತ್ತದೆ ಟೆಂಪೋ ಎಂದು ಊರು ಕಾದು ನೋಡಿತು. ಅದು ಆ ತಿರುವಿನಲ್ಲಿ ತಿರುಗಲಿಲ್ಲ, ಮುಧೋಳದ ದಾರಿ ಹಿಡಿದು ಲೋಕಾಪುರಕ್ಕೆ ಬಂತು. ಅಲ್ಲಿ ಅವಳಿಗೆ ಬೇಕಾದದ್ದು ಎರಡೇ: ಬಸ್ಸು ನಿಲ್ಲಬೇಕು, ನೀರು ನಳದ್ದಾಗಿರಬೇಕು. ಎದುರಿಗೆ ಪೆಟ್ರೋಲ್ ಪಂಪು ಇದ್ದದ್ದು ಟೆಂಪೋ ಇಳಿಸಿದ ಮೇಲೆ ಕಂಡಿತು. ಸೊಂಟದ ಮೇಲೆ ಕೈಯಿಟ್ಟು ಒಂದಿಷ್ಟು ಹೊತ್ತು ಅದನ್ನು ನೋಡಿ, ಒಳಗೆ ಹೋಗಿ ಒಲೆ ಹಚ್ಚಿದಳು.

ಕೆಲವು ವರ್ಷಗಳ ಮೇಲೆ ರಸ್ತೆ ಅಗಲ ಮಾಡುವಾಗ ಸಾವಕಾರನ ಟಾಕಿಯನ್ನು ಕ್ರೇನು ಹಚ್ಚಿ ಎತ್ತಿದರು. ತಳ ಜರಡಿಯ ಹಾಗಿತ್ತಂತೆ, ಬೆಳಕು ಆಚೆಯಿಂದ ಕಾಣುತ್ತಿತ್ತಂತೆ. ಮತ್ತೆ ಊರೆಲ್ಲ ನೆರೆದು ನೋಡಿತು. "ಎತ್ತುವಾಗ ತೂತು ಬಿದ್ದಾವ," ಅಂದಿತು. ಬಾವಿಯ ಮೇಲೆ ಈಗ ಚಪ್ಪಡಿ ಎಳೆದಿದ್ದಾರೆ. ಹೊಸ ಟಾಕಿ ಕೂರಿಸಿದ್ದಾರೆ. ನೆನೆದ ಮಣ್ಣು ಅಲ್ಲೇ ಇದೆ.

ಮೊನ್ನೆ ಪೆಟ್ರೋಲ್ ಹಾಕಿಸಿಕೊಂಡು ರಸ್ತೆ ದಾಟಿ ಚಿಗವ್ವನ ಖಾನಾವಳಿಗೆ ಹೋದರೆ, ಮೂಲೆಯ ಬೆಂಚಿನಲ್ಲಿ ಗೌಡರು ಕೂತಿದ್ದರು. ಬೀಗರ ಊರಿಗೆ ಹೊರಟವರು ಬಸ್ಸು ಬದಲಿಸಲು ಇಳಿದಿದ್ದರಂತೆ. ಮುದುಕರಾಗಿದ್ದರು. ನನ್ನನ್ನು ಕಂಡು ಹಿಗ್ಗಿದರು.

"ಬಾರವಾ ವಕೀಲಬಾಯಿ! ಆ ಭಾಷಣ ಏನ್ ಮಾಡಿದ್ದಿಬೇ ಅವತ್ತ! ಇನ್ನೂ ನೆನಸ್ತೇವಿ."

ಅವರು ಚಿಗವ್ವನ ಕಡೆ ತಿರುಗಿದರು.

"ರೊಟ್ಟಿ ಛಲೋ ಅದಾವ ನೀಲವ್ವ. ಖರೆ, ಏನ ಅನ್ನು, ಆ ಬಾವಿ ನೀರಿನ ರುಚಿ ಇದಕ್ಕಿಲ್ಲ."

ಚಿಗವ್ವ ಹಿಟ್ಟು ತಟ್ಟುವ ಕೈ ನಿಲ್ಲಿಸಲಿಲ್ಲ.

"ಹೌದ್ರಿ ಗೌಡ್ರ. ಆ ರುಚಿ ಬೇಕಂದ್ರ ರಸ್ತೆ ದಾಟ್ರಿ. ಪೈಪ ಹಿಡಕೊಂಡ ನಿಂತಾರ ನೋಡ್ರಿ, ಬಾಯಿಗೇ ಬಿಡತಾರ."

ಬೆಂಚುಗಳೆಲ್ಲ ನಕ್ಕವು. ಗೌಡರೂ ಹಲ್ಲಿಲ್ಲದ ಬಾಯಿ ತೆರೆದು, ತೊಡೆ ತಟ್ಟಿಕೊಂಡು ನಕ್ಕರು. ನಕ್ಕು ನಕ್ಕು ನೆತ್ತಿಗೇರಿ, ಲೋಟ ಎತ್ತಿಕೊಂಡರು.

ಎತ್ತಿದ ಕೈ ಬಾಯಿಯ ಹತ್ತಿರ ಅರೆಕ್ಷಣ ನಿಂತಿತು. ಮೂಸಿದರು. ಆಮೇಲೆ ಕುಡಿದರು.